ಎಚ್ಚರಿಕೆಯ ದೀಪವನ್ನು ಆರಿಸಿದವರು ಯಾರು?

ತರೀಕೆರೆಯ ಬಿ.ಎಚ್. ರಸ್ತೆಯ ಬದಿಯ ಗ್ಯಾರೇಜೊಂದರಲ್ಲಿ ಹೋದ ತಿಂಗಳು ನಾವು ಗೇಣುದ್ದದ ಒಂದು ವೈರಿನ ತುಂಡನ್ನು ನೋಡಿದೆವು. ನಡುವೆ ಕತ್ತರಿಸಿ, ಎರಡು ತುದಿಗಳನ್ನೂ ಒಂದಕ್ಕೊಂದು ಹೊಸೆದು, ಮೇಲೆ ಕರಿ ಟೇಪು ಸುತ್ತಿದ್ದರು. ಕೆಮ್ಮಣ್ಣುಗುಂಡಿಗೆ ಪ್ರವಾಸಿಗಳನ್ನು ಹತ್ತಿಸಿ ಇಳಿಸಿ ಬಂದ ಬಾಡಿಗೆ ಕಾರಿನ ಮುಂದಿನ ಚಕ್ರದಿಂದ ಮೇಸ್ತ್ರಿ ಅದನ್ನು ಬಿಚ್ಚಿ ತೆಗೆದಿದ್ದ. ಪಕ್ಕದಲ್ಲಿ ಅದೇ ಚಕ್ರದ ಬ್ರೇಕ್ ಪ್ಯಾಡು ಬಿದ್ದಿತ್ತು. ಅದರ ಲೈನಿಂಗು ಪೂರ್ತಿ ತೇದುಹೋಗಿ ಹಿಂದಿನ ಕಬ್ಬಿಣದ ತಗಡು ಮಾತ್ರ ಉಳಿದಿತ್ತು.

“ದೀಪ ಹತ್ತಲಿಲ್ಲವೇನಪ್ಪಾ?” ಎಂದು ಡ್ರೈವರನ್ನು ಕೇಳಿದೆವು.

“ಮೂರು ತಿಂಗಳ ಹಿಂದೆ ಹತ್ತಿತ್ತು ಸಾರ್. ಯಜಮಾನರಿಗೆ ಹೇಳಿದೆ. ಮಾರನೆ ದಿನ ಆರಿತ್ತು” ಎಂದ.

ಹೇಳುವವನೊಬ್ಬ, ಆರಿಸುವವನೊಬ್ಬ, ಸಾಯುವವನು ಮೂರನೆಯವನು. ಇದು ಒಂದು ಕಾರಿನ ಕತೆಯಾಗಿದ್ದರೆ ನಾವು ಇಷ್ಟು ಕಾಗದ ಖರ್ಚು ಮಾಡುತ್ತಿರಲಿಲ್ಲ. ಕಡೂರಿನಲ್ಲಿ, ಅಜ್ಜಂಪುರದಲ್ಲಿ ಯಾವ ಮೇಸ್ತ್ರಿಯನ್ನಾದರೂ ಮರೆಗೆ ಕರೆದು ಕೇಳಿರಿ. ಹೊಸೆದ ವೈರು ತನಗೆ ಹೊಸದೆಂದು ಹೇಳುವವನು ಸಿಗುವುದು ಕಷ್ಟ.

ತನ್ನ ಕೋಳಿ ಕೂಗದಿದ್ದರೆ ಬೆಳಗಾಗದು ಎಂದು ನಂಬಿದ ಮುದುಕಿಯ ಕತೆಗೆ ನಾವೆಲ್ಲ ನಕ್ಕವರೆ. ಆಕೆ ಪಾಪ, ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಊರು ಬಿಟ್ಟಳು ಅಷ್ಟೆ. ನಮ್ಮ ಕಾಲದ ಜಾಣರು ಕೋಳಿಯ ಕತ್ತನ್ನೇ ಹಿಸುಕಿ, ಇನ್ನು ಬೆಳಗಾಗುವುದಿಲ್ಲವೆಂದು ಹೊದ್ದು ಮಲಗುತ್ತಾರೆ. ವ್ಯತ್ಯಾಸ ಒಂದೇ: ಬೆಳಗಾದಾಗ ಮೈಮೇಲೆ ಬಂಡಿ ಹರಿಯುವುದು ಮಲಗಿದವರ ಮೇಲಲ್ಲ, ರಸ್ತೆಯ ಬದಿಯಲ್ಲಿ ನಿಂತವರ ಮೇಲೆ.

ಸವೆಯಲೆಂದೇ ಮಾಡಿದ ವಸ್ತು

ಕಾರು ನಮ್ಮದಲ್ಲ, ಈ ಮಾತು ನಮಗೇಕೆ ಎಂದು ಗಿರಣಿಯ ಸಂಗಾತಿಗಳು ಕೇಳಬಹುದು. ಮದುವೆಗೆ, ಆಸ್ಪತ್ರೆಗೆ, ಕಲ್ಲತ್ತಿಗಿರಿಯ ಹರಕೆಗೆ ನೀವು ಹತ್ತುವುದು ಬಾಡಿಗೆಯ ಬಂಡಿಯನ್ನೇ. ಎರಡನೆಯ ಪಾಳಿ ಮುಗಿಸಿ ನೀವು ಸೈಕಲ್ಲು ತುಳಿದು ಹೋಗುವುದೂ ಆ ಬಂಡಿಗಳು ಓಡುವ ರಸ್ತೆಯಲ್ಲಿಯೆ. ಚಿಲ್ಲರೆ ವ್ಯಾಪಾರಿಯ ತೆಂಗಿನಕಾಯಿ, ಈರುಳ್ಳಿ, ದಿನಸಿ ಬರುವುದೂ ಬ್ರೇಕು ನಂಬಿದ ಗಾಡಿಯಲ್ಲಿ. ಆದ್ದರಿಂದ ಈ ವಸ್ತುವಿನ ಗುಟ್ಟನ್ನು ಎಲ್ಲರೂ ತಿಳಿದಿರಬೇಕು. ಅದರಲ್ಲಿ ಬ್ರಹ್ಮವಿದ್ಯೆಯೇನೂ ಇಲ್ಲ.

ಚಕ್ರದ ಜೊತೆಗೆ ಕಬ್ಬಿಣದ ತಟ್ಟೆಯೊಂದು ತಿರುಗುತ್ತದೆ. ಅದೇ ಡಿಸ್ಕು. ಬ್ರೇಕು ತುಳಿದಾಗ ಎರಡು ಪ್ಯಾಡುಗಳು ಆ ತಟ್ಟೆಯನ್ನು ಎರಡು ಕಡೆಯಿಂದಲೂ ಹಿಡಿದು ಒತ್ತುತ್ತವೆ. ತಟ್ಟೆ ಸವೆಯಬಾರದು, ಪ್ಯಾಡು ಸವೆಯಬೇಕು; ಅದಕ್ಕೆಂದೇ ಅದನ್ನು ಮಾಡಿದೆ. ಹೊಸ ಪ್ಯಾಡಿನ ಲೈನಿಂಗು ಸಾಮಾನ್ಯವಾಗಿ 10 ಮಿಲಿಮೀಟರಿನಷ್ಟು ದಪ್ಪ. 3 ಮಿಲಿಮೀಟರಿಗೆ ಬಂದರೆ, ಎಂದರೆ ಹೆಚ್ಚುಕಡಿಮೆ ಎರಡು ನಾಣ್ಯ ಒಂದರ ಮೇಲೊಂದಿಟ್ಟಷ್ಟು ಉಳಿದರೆ, ಬದಲಿಸಬೇಕು. ಇಳಿಜಾರಿನಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ನಮ್ಮ ಅಜ್ಜ ಚಕ್ರಕ್ಕೆ ಒತ್ತುವ ಮರದ ತುಂಡು ತೇದರೆ ಹೊಸ ತುಂಡು ಕಡಿದು ಕಟ್ಟುತ್ತಿದ್ದ. ಅವನಿಗೆ ಯಾರೂ ದೀಪ ಹತ್ತಿಸಿ ತೋರಿಸಬೇಕಾಗಿರಲಿಲ್ಲ. ಗಾಡಿಯೂ ಅವನದೆ, ಎತ್ತೂ ಅವನದೆ, ಕತ್ತೂ ಅವನದೆ.

ಇಂದಿನ ಬಂಡಿಯಲ್ಲಿ ಈ ಸವೆತ ಕಣ್ಣಿಗೆ ಬೀಳುವುದಿಲ್ಲ. ಅದಕ್ಕಾಗಿ ಎರಡು ಬಗೆಯ ಎಚ್ಚರಿಕೆಗಳನ್ನು ಮಾಡಿದ್ದಾರೆ. ಅಗ್ಗದ ಕಾರಿನಲ್ಲಿ ಪ್ಯಾಡಿಗೆ ಒಂದು ಸಣ್ಣ ಉಕ್ಕಿನ ನಾಲಿಗೆ ಇರುತ್ತದೆ. ಲೈನಿಂಗು ತೀರ ತೆಳುವಾದಾಗ ಆ ನಾಲಿಗೆ ಡಿಸ್ಕಿಗೆ ತಾಗಿ ಕಿರ್ರೆಂದು ಕಿರುಚುತ್ತದೆ. ದುಬಾರಿ ಕಾರಿನಲ್ಲಿ ಪ್ಯಾಡಿನೊಳಗೆ ವೈರಿನ ಕುಣಿಕೆಯನ್ನು ಹುದುಗಿಸಿರುತ್ತಾರೆ. ಲೈನಿಂಗು ಮಿತಿಗೆ ಬಂದಾಗ ಡಿಸ್ಕು ಆ ಕುಣಿಕೆಯನ್ನು ಉಜ್ಜಿ ಕಡಿದುಹಾಕುತ್ತದೆ. ವಿದ್ಯುತ್ತಿನ ಹರಿವು ನಿಂತು ಡ್ರೈವರಿನ ಮುಂದೆ ದೀಪ ಹತ್ತುತ್ತದೆ. ಇದೇ ಸೆನ್ಸಾರು. ಒಮ್ಮೆ ಕಡಿದರೆ ಅದರ ಕೆಲಸ ಮುಗಿಯಿತು. ಹೊಸ ಪ್ಯಾಡಿನ ಜೊತೆ ಹೊಸ ಸೆನ್ಸಾರು ಹಾಕಬೇಕು. ಶ್ರೀಮಂತನ ಕಾರಿಗೆ ದೀಪ, ಬಡವನ ಕಾರಿಗೆ ಕಿರುಚು. ಅಷ್ಟಾದರೂ ಇರಲಿ ಎಂದರೆ ಅದನ್ನೂ ಉಳಿಸಿಲ್ಲ.

ಬಾಯಿ ಮುಚ್ಚಿಸುವ ಮೂರು ವಿದ್ಯೆಗಳು

ಮೊದಲನೆಯದು, ನಾವು ಕಂಡ ವಿದ್ಯೆ: ಕಡಿದ ಸೆನ್ಸಾರಿನ ಎರಡು ತುದಿಗಳನ್ನು ಹೊಸೆಯುವುದು. ಹರಿವು ಮತ್ತೆ ಕೂಡುತ್ತದೆ, ದೀಪ ಆರುತ್ತದೆ. ಇನ್ನು ಪ್ಯಾಡು ಪೂರ್ತಿ ಮುಗಿದು ಕಬ್ಬಿಣ ಕಬ್ಬಿಣಕ್ಕೆ ತಾಗಿದರೂ ಆ ದೀಪ ಹತ್ತುವುದಿಲ್ಲ. ಈ ಕೆಲಸಕ್ಕೆ ಐದು ನಿಮಿಷ ಸಾಕು.

ಎರಡನೆಯದು, ಎಣ್ಣೆ ತುಂಬಿಸುವುದು. ಪ್ಯಾಡು ಸವೆದಷ್ಟೂ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಸೆನ್ಸಾರು ಇಲ್ಲದ ಎಷ್ಟೋ ಕಾರುಗಳಲ್ಲಿ ಬ್ರೇಕಿನ ಕೆಂಪು ದೀಪ ಹತ್ತುವುದು ಈ ಮಟ್ಟ ಇಳಿದಾಗ ಅಥವಾ ಕೈಬ್ರೇಕು ಎಳೆದಾಗ. ಮಟ್ಟ ಇಳಿದದ್ದೇಕೆ ಎಂದು ಚಕ್ರ ಬಿಚ್ಚಿ ನೋಡದೆ ಮೇಲಿಂದ ಎಣ್ಣೆ ಸುರಿದರೆ ದೀಪ ಆರುತ್ತದೆ. ಪೈಪು ಸೋರುತ್ತಿದ್ದರೂ ಆರುತ್ತದೆ, ಪ್ಯಾಡು ಸತ್ತಿದ್ದರೂ ಆರುತ್ತದೆ.

ಮೂರನೆಯದು, ಕಿರುಚುವ ಉಕ್ಕಿನ ನಾಲಿಗೆಯನ್ನು ಇಕ್ಕುಳದಿಂದ ಹಿಂದಕ್ಕೆ ಬಗ್ಗಿಸುವುದು. “ಸೌಂಡು ಬರ್ತಿತ್ತು, ತೆಗೆಸಿದೆ” ಎಂದು ಮಾಲೀಕರು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ನಾವೇ ಕೇಳಿದ್ದೇವೆ.

ಗಿರಣಿಯ ಸಂಗಾತಿಗಳಿಗೆ ಇದು ಚೆನ್ನಾಗಿ ಅರ್ಥವಾದೀತು. ಅಕ್ಕಿ ಗಿರಣಿಯ ಬಾಯ್ಲರಿನಲ್ಲಿ ಸೇಫ್ಟಿ ವಾಲ್ವು ಉಗಿ ಬಿಡುತ್ತಿದೆ, ಉಗಿ ಪೋಲಾಗುತ್ತಿದೆ ಎಂದು ಯಾರಾದರೂ ಅದನ್ನು ಬಿಗಿದು ಮುಚ್ಚಿದರೆ ನಾವು ಅವನನ್ನು ಏನೆಂದು ಕರೆಯುತ್ತೇವೆ? ಕಾಯಿದೆ ಅವನನ್ನು ಅಪರಾಧಿ ಎನ್ನುತ್ತದೆ. ಕಾರಿನ ವೈರು ಹೊಸೆದರೆ ಮಾತ್ರ ಅದಕ್ಕೆ ‘ಅಡ್ಜಸ್ಟ್‌ಮೆಂಟು’ ಎಂಬ ಮುದ್ದಿನ ಹೆಸರು!

ಘಟ್ಟದ ಲೆಕ್ಕ

ಊರೊಳಗೆ ನಿಧಾನ ಓಡುವಾಗ ಸತ್ತ ಪ್ಯಾಡೂ ಹೇಗೋ ನಿಲ್ಲಿಸುತ್ತದೆ. ಆ ಧೈರ್ಯವೇ ಕೊಲ್ಲುವುದು. ತರೀಕೆರೆ ಸಮುದ್ರಮಟ್ಟಕ್ಕಿಂತ ಸುಮಾರು 700 ಮೀಟರು ಮೇಲಿದೆ, ಕೆಮ್ಮಣ್ಣುಗುಂಡಿ 1,400 ಮೀಟರಿಗೂ ಮೇಲೆ. ಐವರು ಕುಳಿತ ಒಂದು ಸಣ್ಣ ಕಾರು 1,300 ಕಿಲೋ ತೂಗುತ್ತದೆಂದಿಟ್ಟುಕೊಳ್ಳಿ. ಅದು ಲಿಂಗದಹಳ್ಳಿಯ ಕಡೆಗೆ ಇಳಿದು ತರೀಕೆರೆಗೆ ಬರುವಾಗ ಆ ಎತ್ತರವೆಲ್ಲ ಶಾಖವಾಗಿ ಎಲ್ಲಾದರೂ ಹೋಗಬೇಕು. ಲೆಕ್ಕ ಹಾಕಿದರೆ ಆ ಶಾಖ ಎರಡು ಕೊಡ ತಣ್ಣೀರನ್ನು ಕುದಿಯುವಷ್ಟು ಕಾಯಿಸಬಲ್ಲದು. ಡ್ರೈವರು ಸಣ್ಣ ಗೇರಿನಲ್ಲಿ ಇಳಿಸಿದರೆ ಅದರಲ್ಲಿ ಒಳ್ಳೆಯ ಪಾಲನ್ನು ಎಂಜಿನು ಹೊರುತ್ತದೆ. ನ್ಯೂಟ್ರಲಿಗೆ ಹಾಕಿ ಡೀಸೆಲ್ಲು ಉಳಿಸುತ್ತೇನೆಂದರೆ ಆ ಪಾಲೂ ನಾಲ್ಕು ಚಕ್ರಗಳ ಬ್ರೇಕಿನ ಮೇಲೆ ಬೀಳುತ್ತದೆ.

ದಪ್ಪ ಪ್ಯಾಡು ಆ ಬಿಸಿಯನ್ನು ತಡೆದು ಹಿಡಿಯುತ್ತದೆ. ತೆಳುವಾದ ಪ್ಯಾಡಿನ ಮೂಲಕ ಬಿಸಿ ಹಿಂದಿನ ಬ್ರೇಕ್ ಆಯಿಲಿಗೆ ನೇರ ಇಳಿಯುತ್ತದೆ. ಈ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದು. ಡಾಟ್ 4 ಎಂಬ ಗುರುತಿನ ಎಣ್ಣೆ ಹೊಸದಾಗಿದ್ದಾಗ 230 ಡಿಗ್ರಿ ದಾಟುವವರೆಗೆ ಕುದಿಯಬಾರದು. ತೇವ ಹೀರಿ ಹಳತಾದ ಮೇಲೆ 155 ಡಿಗ್ರಿಯವರೆಗೆ ತಡೆದರೆ ಸಾಕೆಂದು ಅದರ ನಿಯಮವೇ ಒಪ್ಪಿದೆ. ಎಣ್ಣೆ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆಯೇ ಹೊರತು ಪ್ಯಾಡನ್ನು ತಳ್ಳುವುದಿಲ್ಲ. ಪೆಡಲು ತಳಕ್ಕೆ ಹೋಗುತ್ತದೆ, ಬಂಡಿ ನಿಲ್ಲುವುದಿಲ್ಲ. ಡ್ರೈವರು “ಬ್ರೇಕ್ ಫೇಲ್” ಎಂದು ಕೂಗುತ್ತಾನೆ. ಸ್ವಾಮಿ, ಬ್ರೇಕು ಆ ತಿರುವಿನಲ್ಲಿ ಫೇಲಾಗಲಿಲ್ಲ. ಮೂರು ತಿಂಗಳ ಹಿಂದೆ, ಟೇಪು ಸುತ್ತಿದ ದಿನವೇ ಫೇಲಾಗಿತ್ತು.

ತಪ್ಪು ಯಾರ ಲೆಕ್ಕಕ್ಕೆ?

ಅಪಘಾತವಾದ ಮೇಲೆ ಪತ್ರಿಕೆಗಳಲ್ಲಿ ನಾವು ಓದುವುದು ಒಂದೇ ವಾಕ್ಯ: ಚಾಲಕನ ಅಜಾಗರೂಕತೆ. ಕೇಂದ್ರ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಇದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚನ್ನು ‘ಅತಿವೇಗ’ದ ಕಾಲಮ್ಮಿಗೆ ಬರೆದಿದ್ದಾರೆ. ಅತಿವೇಗ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಆ ಕಾಲಮ್ಮು ಪ್ಯಾಡು ಎಷ್ಟು ದಪ್ಪವಿತ್ತೆಂದು ಕೇಳುವುದಿಲ್ಲ. ದಿನಕ್ಕೆ ಎರಡು ಟ್ರಿಪ್ಪಿನ ಬದಲು ಮೂರು ಹೊಡೆಯೆಂದವರು ಯಾರೆಂದೂ ಕೇಳುವುದಿಲ್ಲ. ಎಲ್ಲ ಪಾಪವೂ ಸ್ಟೇರಿಂಗು ಹಿಡಿದ ಕೈಗೆ ಅಂಟುತ್ತದೆ, ಹಣದ ಪೆಟ್ಟಿಗೆ ಹಿಡಿದ ಕೈ ತೊಳೆದಂತಿರುತ್ತದೆ.

ಕಾಯಿದೆ ಹೀಗೆ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮು ಅಪಾಯಕರ ದೋಷವಿರುವ ವಾಹನವನ್ನು ಓಡಿಸಿದವನನ್ನು ಮಾತ್ರವಲ್ಲ, ಓಡಿಸುವಂತೆ ಮಾಡಿದವನನ್ನೂ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ದೋಷ ಗೊತ್ತಿತ್ತೆಂದು ತೋರಿಸಬೇಕಾಗಿಯೂ ಇಲ್ಲ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ತಿಳಿಯುವಂತಿದ್ದರೆ ಸಾಕು. 2019ರ ತಿದ್ದುಪಡಿಯ ನಂತರ ಇದಕ್ಕೆ 1,500 ರೂಪಾಯಿಯವರೆಗೆ ದಂಡ. ಅದರಿಂದ ಅಪಘಾತವಾಗಿ ಗಾಯ ಇಲ್ಲವೆ ಆಸ್ತಿ ನಷ್ಟವಾದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಹೊಸೆದ ವೈರು ಯಜಮಾನನ ಅರಿವಿಗೆ ಸಾಕ್ಷಿ. ಆ ಸಾಕ್ಷಿಯನ್ನು ಪಂಚನಾಮೆಯಲ್ಲಿ ಬರೆಸುವವರು ಬೇಕು, ಅಷ್ಟೆ.

ಇನ್ನೊಂದು ಸೋಜಿಗ ನೋಡಿ. ಹಳದಿ ಬೋರ್ಡಿನ ಬಾಡಿಗೆ ಕಾರು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆಗೆ ಹೋಗಬೇಕು. ಬಿಳಿ ಬೋರ್ಡಿನ ಸ್ವಂತ ಕಾರಿಗೆ ಹದಿನೈದು ವರ್ಷದವರೆಗೆ ಅಂಥ ಪರೀಕ್ಷೆಯೇ ಇಲ್ಲ. ಆದರೆ ನಮ್ಮ ಮೂರು ತಾಲ್ಲೂಕುಗಳಲ್ಲಿ ಬಿಳಿ ಬೋರ್ಡಿನ ಕಾರುಗಳು ಗುಟ್ಟಾಗಿ ಬಾಡಿಗೆ ಓಡುವುದು ಯಾರಿಗೆ ತಿಳಿಯದು? ಅವುಗಳ ಹೊಗೆಗೆ ಕಾಲಕಾಲಕ್ಕೆ ಸರ್ಟಿಫಿಕೇಟು ಬೇಕು, ಬ್ರೇಕಿಗೆ ಬೇಡ. ಕೆಮ್ಮಿಸುವುದು ಅಪರಾಧ, ಕೊಲ್ಲುವುದು ಅದೃಷ್ಟ!

ಸಣ್ಣ ಮಾಲೀಕನಿಗೆ ಒಂದು ಮಾತು

ನಮ್ಮ ಓದುಗರಲ್ಲೇ ಕೆಲವರು ಸಿಟ್ಟಾಗುತ್ತಾರೆಂದು ಬಲ್ಲೆವು. “ನಾನೇನು ಬಂಡವಾಳಶಾಹಿಯೆ? ಒಂದೇ ಕಾರು, ಅದೂ ಫೈನಾನ್ಸಿನ ಸಾಲದ್ದು, ನಾನೇ ಡ್ರೈವರು, ನಾನೇ ಮಾಲೀಕ. ಕಂತು ಕಟ್ಟಲೋ, ಪ್ಯಾಡು ಹಾಕಲೋ?” ಎಂದು ಕೇಳುತ್ತಾರೆ. ಈ ಪ್ರಶ್ನೆ ನಿಜವಾದದ್ದು. ನಾವು ಇದನ್ನು ತಳ್ಳಿಹಾಕುವುದಿಲ್ಲ.

ಮೊದಲ ಉತ್ತರ ಲೆಕ್ಕದ್ದು. ಸಾಮಾನ್ಯ ಸಣ್ಣ ಕಾರಿನ ಮುಂದಿನ ಎರಡು ಚಕ್ರದ ಪ್ಯಾಡುಗಳಿಗೆ ಒಂದೆರಡು ಸಾವಿರ ರೂಪಾಯಿಯ ಆಸುಪಾಸು. ಅದನ್ನು ಮುಂದೂಡಿದರೆ ಕಬ್ಬಿಣದ ತಗಡು ಡಿಸ್ಕನ್ನು ಉತ್ತು ಗೆರೆ ಹಾಕುತ್ತದೆ. ಆಗ ಪ್ಯಾಡಿನ ಜೊತೆ ಡಿಸ್ಕಿನ ಬೆಲೆಯೂ ತೆರಬೇಕು. ವೈರು ಹೊಸೆದು ಉಳಿಸಿದ್ದು ಉಳಿತಾಯವಲ್ಲ, ಮೀಟರು ಬಡ್ಡಿಯ ಸಾಲ.

ಎರಡನೆಯ ಉತ್ತರ: ನಿಮ್ಮನ್ನು ಈ ಇಕ್ಕಟ್ಟಿಗೆ ತಂದವರೂ ಉಂಟು, ಅವರನ್ನು ನಾವು ಬಿಡುವುದಿಲ್ಲ. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದಾಗ ಕಾರಿನ ಬ್ರೇಕಿನ ಭಾಗಗಳನ್ನು ಸಿಗರೇಟು, ಪಾನ್ ಮಸಾಲೆಗಳನ್ನಿಟ್ಟ ಶೇಕಡಾ 28ರ ಮೇಲಂತಸ್ತಿನಲ್ಲಿ ಕೂರಿಸಿದರು. ಜೀವ ಉಳಿಸುವ ಪ್ಯಾಡು ಷೋಕಿಯ ವಸ್ತುವಾಯಿತು. ಅದು ಶೇಕಡಾ 18ಕ್ಕೆ ಇಳಿಯಲು 2025ರ ಸೆಪ್ಟೆಂಬರ್ 22ರವರೆಗೆ, ಎಂಟು ವರ್ಷ, ಕಾಯಬೇಕಾಯಿತು. ಇಳಿದ ತೆರಿಗೆ ಗಿರಾಕಿಯ ಕೈಗೆ ತಲುಪಿದೆಯೋ ನಡುವೆಯೇ ನಿಂತಿದೆಯೋ ಎಂಬುದನ್ನು ನಮ್ಮ ಅಂಗಡಿಯ ಮಿತ್ರರು ತಮ್ಮ ಹಳೆಯ ಹೊಸ ಬಿಲ್ಲುಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಕಂಪನಿಗಳದು ಇನ್ನೊಂದು ಆಟ. ದೀಪ ಹತ್ತಿಸುವುದು ಅವರೆ, ಅದನ್ನು ಆರಿಸುವ ಬೀಗದ ಕೈ ಇಟ್ಟುಕೊಂಡವರೂ ಅವರೆ. ಕೆಲವು ಕಾರುಗಳಲ್ಲಿ ಪ್ಯಾಡು, ಸೆನ್ಸಾರು ಹೊಸದು ಹಾಕಿದರೂ ಕಂಪ್ಯೂಟರಿನ ಉಪಕರಣ ಕೂಡಿಸದ ಹೊರತು ದೀಪ ಆರುವುದಿಲ್ಲ. ಕಡೂರಿನ ಮೇಸ್ತ್ರಿಯ ಬಳಿ ಆ ಉಪಕರಣ ಇಲ್ಲದಿದ್ದರೆ ಗಿರಾಕಿ ದೂರದ ಪಟ್ಟಣದ ಷೋರೂಮಿಗೆ ಹೋಗಬೇಕು, ಒಂದು ದಿನದ ದುಡಿಮೆ ಕಳೆದುಕೊಳ್ಳಬೇಕು. ಅವನು ಇಕ್ಕುಳ ಹಿಡಿದರೆ ಆಶ್ಚರ್ಯವೇನು? ದುರಸ್ತಿಯ ಹಕ್ಕು ಎಂಬ ಮಾತನ್ನು ಕೇಂದ್ರದ ಗ್ರಾಹಕ ಇಲಾಖೆ 2022ರಲ್ಲಿ ಎತ್ತಿತು. ಅದರಲ್ಲಿ ಮೋಟಾರು ವಾಹನಗಳನ್ನೂ ಸೇರಿಸಿತು. ಹಕ್ಕು ಎಂದರೆ ನಮ್ಮೂರ ಮೇಸ್ತ್ರಿಯ ಕೈಗೆ ಉಪಕರಣವೂ ಮಾಹಿತಿಯೂ ಬರಬೇಕು. ಕಡತದಲ್ಲಿರುವ ಹಕ್ಕು ಬ್ರೇಕು ಹಿಡಿಯುವುದಿಲ್ಲ.

ಮೂರನೆಯ ಉತ್ತರ ಮಾತ್ರ ಕಠಿಣ. ಇಷ್ಟೆಲ್ಲ ಅನ್ಯಾಯ ನಿಮ್ಮ ಮೇಲಾಗಿದ್ದರೂ, ಅದರ ಬೆಲೆಯನ್ನು ಬಸ್ಸಿಗೆ ಕಾದು ನಿಂತ ಕೂಲಿಯ ಹೆಂಗಸಿನ ಕೈಯಲ್ಲಿ ಕೊಡಿಸುವ ಅಧಿಕಾರ ನಿಮಗಿಲ್ಲ. ನಿಮ್ಮ ಸಾಲ ನಿಮ್ಮದು, ಆಕೆಯ ಕಾಲು ಆಕೆಯದು.

ಮೇಸ್ತ್ರಿಯ ಎದೆಯೊಳಗಿನ ಧೂಳು

ಈ ಕತೆಯಲ್ಲಿ ಯಾರೂ ನೆನೆಯದ ಒಬ್ಬ ಶ್ರಮಜೀವಿ ಇದ್ದಾನೆ: ಚಕ್ರ ಬಿಚ್ಚುವ ಹುಡುಗ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು, ಎಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಈಗ ಅನೇಕ ತಯಾರಕರು ಅದನ್ನು ಬಿಟ್ಟಿದ್ದಾರೆ. ಆದರೆ ಹೆಸರಿಲ್ಲದ, ಬಿಲ್ಲಿಲ್ಲದ ಅಗ್ಗದ ಮಾಲಿನೊಳಗೆ ಏನಿದೆಯೆಂದು ಯಾರೂ ಹೊಣೆ ಹೊರುವುದಿಲ್ಲ. ಹುಡುಗ ಪೈಪಿನಿಂದ ಗಾಳಿ ಬಿಟ್ಟು ಆ ಧೂಳನ್ನು ಊದುತ್ತಾನೆ, ಅದೇ ಧೂಳನ್ನು ಉಸಿರಾಡುತ್ತಾನೆ. ಕಲ್ನಾರಿನ ಧೂಳು ಶ್ವಾಸಕೋಶ ಹೊಕ್ಕರೆ ರೋಗ ತಲೆಯೆತ್ತುವುದು ಹತ್ತಾರು ವರ್ಷಗಳ ಮೇಲೆ. ದುಡಿಯುವವನ ಆರೋಗ್ಯ ಅವನ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿದ್ದು ಕಲ್ನಾರು ಕಾರ್ಮಿಕರ ಮೊಕದ್ದಮೆಯಲ್ಲಿಯೆ. ಗಾಳಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮುಖಕ್ಕೆ ಒಳ್ಳೆಯ ಮುಸುಕು ಕಟ್ಟಿ ಎಂದು ಹುಡುಗರಿಗೆ ಹೇಳಿಕೊಡುವುದು ಗ್ಯಾರೇಜಿನ ಹಿರಿಯ ಮೇಸ್ತ್ರಿಗಳ ಕರ್ತವ್ಯ.

ಕೊಪ್ಪದ ಪಾಠ

ಬೇರೆ ದಾರಿಯೇ ಇಲ್ಲವೆ? ನಮ್ಮ ಜಿಲ್ಲೆಯ ಕೊಪ್ಪದಲ್ಲಿ ಶಂಕರ್ ಕಂಪನಿಯ ಬಸ್ಸುಗಳು ನಿಂತುಹೋದಾಗ ಕೆಲಸ ಕಳೆದುಕೊಂಡ ಕಾರ್ಮಿಕರು ಕೈಕಟ್ಟಿ ಕೂರಲಿಲ್ಲ. 1991ರಲ್ಲಿ ಸಹಕಾರ ಸಂಘ ಕಟ್ಟಿ, ತಾವೇ ಮಾಲೀಕರಾಗಿ ‘ಸಹಕಾರ ಸಾರಿಗೆ’ಯ ಬಸ್ಸುಗಳನ್ನು ಮಲೆನಾಡಿನ ತಿರುವುಗಳಲ್ಲಿ ಸುಮಾರು ಮೂರು ದಶಕ ಓಡಿಸಿದರು. ನಷ್ಟ ಹೊರಲಾರದೆ 2020ರಲ್ಲಿ ಅದು ನಿಂತದ್ದು ನಮಗೆಲ್ಲ ದುಃಖದ ಸಂಗತಿ. ಆದರೂ ಪಾಠ ಉಳಿದಿದೆ. ದೀಪ ನೋಡುವವನೂ, ಪ್ಯಾಡಿಗೆ ದುಡ್ಡು ಕೊಡುವವನೂ, ಆ ಬಂಡಿಯಲ್ಲಿ ಘಟ್ಟ ಇಳಿಯುವವನೂ ಒಬ್ಬನೇ ಆದಾಗ ವೈರು ಹೊಸೆಯಲು ಯಾರಿಗೂ ಕೈ ಬರುವುದಿಲ್ಲ. ಲಾಭ ಒಬ್ಬನಿಗೆ, ಅಪಾಯ ಇನ್ನೊಬ್ಬನಿಗೆ ಎಂದು ಹಂಚಿದಾಗಲೇ ಇಕ್ಕುಳ ಹೊರಬರುವುದು.

ನಮ್ಮ ಬೇಡಿಕೆಗಳು

1. ಬ್ರೇಕಿನ ದೀಪ ಹತ್ತಿದ ಇಲ್ಲವೆ ಚಕ್ರ ಕಿರುಚುವ ಬಂಡಿಯನ್ನು ಓಡಿಸೆನೆಂದ ಡ್ರೈವರಿಗೆ ಆ ದಿನದ ಸಂಬಳವೂ ಬ್ಯಾಟಾವೂ ಸಿಗಬೇಕು, ಕೆಲಸ ಹೋಗಬಾರದು. ಡ್ರೈವರ್ ಸಂಗಾತಿಗಳು ಬಾಯಲ್ಲಿ ಹೇಳಿ ಸುಮ್ಮನಾಗಬಾರದು. ಉರಿಯುವ ದೀಪದ ಫೋಟೋ ತೆಗೆದು, ದಿನಾಂಕ ಸಹಿತ ಮಾಲೀಕನಿಗೆ ಕಳಿಸಬೇಕು.

2. ಬಾಡಿಗೆ ಓಡುವ ಯಾವ ಬಂಡಿಯೇ ಆಗಲಿ, ಮಳೆಗಾಲ ಮುಗಿದು ಗಿರಿಯ ಪ್ರವಾಸಿಗಳ ದಟ್ಟಣೆ ಶುರುವಾಗುವ ಮುನ್ನ ಚಕ್ರ ಬಿಚ್ಚಿ ಪ್ಯಾಡು ಅಳೆಯುವ ತಪಾಸಣೆ ನಡೆಯಬೇಕು. ಕೆ.ಎ. 66ರ ಸಾರಿಗೆ ಕಚೇರಿ ತರೀಕೆರೆಯಲ್ಲೇ ಇದೆ, ಅಲ್ಲಿಂದಲೇ ಆರಂಭವಾಗಲಿ.

3. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಮೇಸ್ತ್ರಿಗಳು ಒಂದಾಗಿ, ಸೆನ್ಸಾರಿನ ವೈರು ಹೊಸೆಯುವುದಿಲ್ಲವೆಂದು ಬೋರ್ಡು ಬರೆದು ಹಾಕಬೇಕು. ಒಬ್ಬ ಒಲ್ಲೆನೆಂದರೆ ಗಿರಾಕಿ ಪಕ್ಕದ ಷೆಡ್ಡಿಗೆ ಹೋಗುತ್ತಾನೆ. ಎಲ್ಲರೂ ಒಲ್ಲೆವೆಂದರೆ ಪ್ಯಾಡಿನ ಅಂಗಡಿಗೇ ಹೋಗಬೇಕು.

4. ಬಿಡಿಭಾಗದ ವ್ಯಾಪಾರಿಗಳು ಬಿಲ್ಲಿಲ್ಲದ ಪ್ಯಾಡು ಮಾರಬಾರದು. ಅಂಗಡಿಯ ಹೆಸರು ಅಗ್ಗದ ಮಾಲಿಗಿಂತ ದೊಡ್ಡದು.

5. ಸಹಕಾರಿ ಪತ್ತಿನ ಸಂಘಗಳು ಬೆಳೆಗೆ ಸಾಲ ಕೊಡುವಂತೆ, ಒಂದೇ ಬಂಡಿಯ ಮಾಲೀಕನಿಗೆ ಬ್ರೇಕು ಟೈರುಗಳಿಗಾಗಿ ಸಣ್ಣ ಸಾಲ ಕೊಡಬೇಕು.

ಸರಕಾರ ಕಣ್ಣು ಬಿಡುವವರೆಗೆ ಕಾಯಬೇಕಾಗಿಲ್ಲ. ಈ ವಾರವೇ ಮಾಡಬಹುದಾದ ಕೆಲಸ ಉಂಟು. ಚಕ್ರದ ಸಂದಿಯಿಂದ ಇಣುಕಿ ಹೊರಗಿನ ಪ್ಯಾಡನ್ನು ಮಾತ್ರ ನೋಡಿ ಬರಬೇಡಿ. ಒಳಗಿನದು ಮೊದಲೇ ಸವೆದಿರಬಹುದು. ದೀಪ ಹತ್ತಿಲ್ಲವೆಂದು ನಂಬಬೇಡಿ. ಎಷ್ಟೋ ಕಾರುಗಳಲ್ಲಿ ಸೆನ್ಸಾರು ಇರುವುದು ಒಂದೇ ಚಕ್ರಕ್ಕೆ. ಬದಲಿಸುವಾಗ ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಿ, ಇಲ್ಲವಾದರೆ ಬಂಡಿ ಒಂದು ಕಡೆಗೆ ಎಳೆಯುತ್ತದೆ. ತೆಗೆದ ಹಳೆಯ ಪ್ಯಾಡನ್ನು ಕೈಗೆ ಕೇಳಿ ಪಡೆಯಿರಿ. ಮದುವೆಗೆ ಬಂಡಿ ಗೊತ್ತು ಮಾಡುವಾಗ ಸೀಟು, ಹಾಡು, ಎ.ಸಿ. ಕೇಳುವ ನಾವು “ಪ್ಯಾಡು ಯಾವಾಗ ಹಾಕಿಸಿದ್ದು?” ಎಂಬ ಒಂದು ಪ್ರಶ್ನೆಯನ್ನೂ ಕೇಳೋಣ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವುದು ಅಡಿಕೆಯ ಸೀಮೆಯವರಾದ ನಮಗೆ ಯಾರೂ ಹೇಳಿಕೊಡಬೇಕಾದ ಗಾದೆಯಲ್ಲ. ಗೇಣುದ್ದದ ವೈರಿಗೆ ಹೋದ ಜೀವವೂ ಹಾಗೆಯೆ. ಆ ವೈರಿನ ತುಂಡನ್ನು ಮೇಸ್ತ್ರಿಯಿಂದ ಕೇಳಿ ತಂದು ನಮ್ಮ ಕಚೇರಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇವೆ. ನೋಡಬೇಕೆನ್ನುವ ಮಾಲೀಕರು ಬಂದು ನೋಡಬಹುದು.